ಚರ್ಚಿನಲ್ಲಿ ಕೊಡುವ ಆ ಬಿಳಿ ಬಿಲ್ಲೆಯನ್ನು ನಾವೂ ತಗೋಬಹುದಾ?

ಕ್ರೈಸ್ತ ಗೆಳೆಯರ ಮದುವೆಗೋ ಕ್ರಿಸ್‌ಮಸ್ ರಾತ್ರಿಯ ಪೂಜೆಗೋ ಹೋಗಿ ಬಂದವರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಪೂಜೆ ಮುಗಿಯೋ ಹೊತ್ತಿಗೆ ಎಲ್ಲರೂ ಸಾಲಾಗಿ ಹೋಗಿ ಫಾದರ್ ಕೈಯಿಂದ ಏನೋ ತಗೊಂಡು ಬಾಯಿಗೆ ಹಾಕ್ಕೊಂಡ್ರು. ಪ್ರಸಾದ ತಾನೇ? ನಾವೂ ಹೋಗಬಹುದಿತ್ತಾ? ಹೋಗದೆ ಕೂತಿದ್ದಕ್ಕೆ ಅವರು ಬೇಜಾರು ಮಾಡ್ಕೊಂಡ್ರಾ?"

ಕ್ಯಾಥೋಲಿಕ್ ಚರ್ಚಾದರೆ ಹೋಗುವಂತಿಲ್ಲ, ಕೂತಿದ್ದೇ ಸರಿ, ಯಾರೂ ಬೇಜಾರು ಮಾಡಿಕೊಂಡಿಲ್ಲ. ಅಷ್ಟು ಸಾಕೆನ್ನುವವರು ಇಲ್ಲಿಗೇ ನಿಲ್ಲಿಸಬಹುದು. "ಪ್ರಸಾದ ಅಂದಮೇಲೆ ಎಲ್ಲರಿಗೂ ಅಲ್ವಾ?" ಎಂಬ ಮರುಪ್ರಶ್ನೆ ಇರುವವರಿಗೆ ಮುಂದಿನದು.

ತೊಡಕು ಇರುವುದೇ ಆ ಪದದಲ್ಲಿ. ಕನ್ನಡದ ಕ್ಯಾಥೋಲಿಕರು ಇದನ್ನು ಪರಮಪ್ರಸಾದ ಎನ್ನುತ್ತಾರೆ. ಮಂಗಳೂರಿನ ಕೊಂಕಣಿ ಮನೆಗಳಲ್ಲಿ ಪೋರ್ಚುಗೀಸಿನಿಂದ ಬಂದ 'ಕುಮ್ಗಾರ್'. ಸಿಎಸ್‌ಐ, ಮೆಥೊಡಿಸ್ಟ್ ಮೊದಲಾದ ಪ್ರಾಟೆಸ್ಟಂಟ್ ಸಭೆಗಳಲ್ಲಿ 'ಕರ್ತನ ಭೋಜನ'. ನಮ್ಮಲ್ಲೂ ಕುಮ್ಗಾರ್ ಎಂದೇ ಉಳಿದಿದ್ದರೆ ಯಾರೂ ಇಷ್ಟು ಸಲೀಸಾಗಿ ಕೈ ಚಾಚುತ್ತಿರಲಿಲ್ಲವೇನೋ! ದೇವಸ್ಥಾನದ ಪ್ರಸಾದವನ್ನು ಕೇಳಿದವರಿಗೆಲ್ಲ ಕೊಡುತ್ತಾರೆ. ಪೊಟ್ಟಣ ಕಟ್ಟಿ ಮನೆಗೆ ಒಯ್ದು ಪಕ್ಕದ ಮನೆಗೂ ಹಂಚಬಹುದು. ಪರಮಪ್ರಸಾದವನ್ನು ಕೊಟ್ಟ ಜಾಗದಲ್ಲೇ, ಕೊಟ್ಟವರ ಕಣ್ಣೆದುರೇ ಸೇವಿಸಬೇಕು. ನಾವು ಪ್ರಸಾದ ಎನ್ನುವುದಕ್ಕೆ ಹತ್ತಿರವಾದದ್ದು ಬೇಕಿದ್ದರೆ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ನೋಡಿ. ಕರಾವಳಿಯ ಚರ್ಚುಗಳಲ್ಲಿ ಅಂದು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಹಂಚುತ್ತಾರೆ, ಮನೆಯಲ್ಲಿ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಕುಡಿಯುತ್ತಾರೆ. ಅದು ಆಶೀರ್ವಾದ ಪಡೆದ ತೆನೆ, ಆದರೂ ತೆನೆಯೇ. ಬಲಿಪೀಠದ ರೊಟ್ಟಿಯ ವಿಷಯದಲ್ಲಿ ನಂಬಿಕೆ ಬೇರೆ.

ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ಶಿಷ್ಯರ ಜೊತೆ ಊಟಕ್ಕೆ ಕೂತಾಗ ರೊಟ್ಟಿ ಮುರಿದು "ಇದು ನನ್ನ ದೇಹ" ಎಂದರು, ದ್ರಾಕ್ಷಾರಸದ ಬಟ್ಟಲು ಕೊಟ್ಟು "ಇದು ನನ್ನ ರಕ್ತ" ಎಂದರು, ತನ್ನ ನೆನಪಿಗೆ ಹೀಗೆ ಮಾಡಿ ಎಂದರು. ಇದರ ಅತಿ ಹಳೆಯ ಬರಹ ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳಲ್ಲಿಲ್ಲ, ಕ್ರಿ.ಶ. 50ರ ದಶಕದಲ್ಲಿ ಧರ್ಮಪ್ರಚಾರಕ ಪೌಲ ಗ್ರೀಸಿನ ಕೊರಿಂಥದ ಕ್ರೈಸ್ತ ಸಭೆಗೆ ಬರೆದ ಪತ್ರದಲ್ಲಿದೆ. ಕ್ಯಾಥೋಲಿಕರು ಆ ಮಾತನ್ನು ಅಕ್ಷರಶಃ ಹಿಡಿಯುತ್ತಾರೆ. ಪೂಜೆಯ ಮಧ್ಯೆ ಗುರುಗಳು ಆ ಮಾತುಗಳನ್ನು ಹೇಳಿದ ಮೇಲೆ ರೊಟ್ಟಿಯ ಬಣ್ಣ, ರುಚಿ, ತೂಕ ಹಾಗೆಯೇ ಇರುತ್ತವೆ, ಆದರೆ ಅದೀಗ ಕ್ರಿಸ್ತರೇ. ಹಾಗಾಗಿ ಬಿಲ್ಲೆಯನ್ನು ಎತ್ತಿ ತೋರಿಸಿ "ಕ್ರಿಸ್ತರ ಶರೀರ" ಎನ್ನುವಾಗ ಗುರುಗಳು ಒಂದು ಲೆಕ್ಕದಲ್ಲಿ ಪ್ರಶ್ನೆ ಕೇಳುತ್ತಿದ್ದಾರೆ. "ಆಮೆನ್" ಎಂದರೆ 'ಹೌದು, ನಂಬಿದ್ದೇನೆ'. ನಂಬದವರು ಮರ್ಯಾದೆಗೆಂದು ಆಮೆನ್ ಹೇಳುವುದು ಓದದ ಪತ್ರಕ್ಕೆ ಸಹಿ ಹಾಕಿದ ಹಾಗೆ.

ರೊಟ್ಟಿಗೆ ಬೇಕಾದದ್ದು ಗೋಧಿ ಹಿಟ್ಟು, ನೀರು, ಇವೆರಡೇ. ಉಪ್ಪು, ಸಕ್ಕರೆ, ಎಣ್ಣೆ ಯಾವುದೂ ಇಲ್ಲ. ಲ್ಯಾಟಿನ್ ಪದ್ಧತಿಯ ಕ್ಯಾಥೋಲಿಕರಲ್ಲಿ ಹುಳಿಯೂ ಇಲ್ಲ. ಅಕ್ಕಿ, ರಾಗಿಯ ರೊಟ್ಟಿ ನಡೆಯುವುದಿಲ್ಲ, ಚರ್ಚಿನ ಕಾನೂನೇ ಗೋಧಿ ಎನ್ನುತ್ತದೆ. ನೀರುದೋಸೆಯಷ್ಟು ತೆಳ್ಳಗೆ ಹಿಟ್ಟು ಕಲಸಿ, ಕಾದ ಎರಡು ಕಬ್ಬಿಣದ ಫಲಕಗಳ ನಡುವೆ ಒತ್ತಿ ಬೇಯಿಸುತ್ತಾರೆ. ಹಾಳೆ ತಣಿದ ಕೂಡಲೇ ಬಿಲ್ಲೆ ಕತ್ತರಿಸಲು ಹೋದರೆ ಅಂಚು ಪುಡಿಯಾಗುತ್ತದೆ. ಅದಕ್ಕೆ ತೇವದ ಗಾಳಿಯಲ್ಲಿ ಕೆಲವು ಗಂಟೆ ಇಟ್ಟು, ಬಗ್ಗುವಂತಾದ ಮೇಲೆ ಕತ್ತರಿಸಿ ಮತ್ತೆ ಒಣಗಿಸುತ್ತಾರೆ. ಜನರಿಗೆ ಕೊಡುವ ಬಿಲ್ಲೆ ಸುಮಾರು 3 ಸೆಂ.ಮೀ., ಗುರುಗಳು ಎತ್ತಿ ಹಿಡಿಯುವುದು 7 ಸೆಂ.ಮೀ. ಆಸುಪಾಸು. ಪುಡಿಯ ಬಗ್ಗೆ ಇಷ್ಟೇಕೆ ತಲೆಕೆಡಿಸಿಕೊಳ್ಳುತ್ತಾರೆ ಎಂದರೆ, ಪ್ರತಿಷ್ಠೆಯಾದ, ಅಂದರೆ ಗುರುಗಳು ಆ ಮಾತು ಹೇಳಿದ ಮೇಲಿನ, ರೊಟ್ಟಿಯ ಚೂರೂ ಇಡಿಯ ರೊಟ್ಟಿಗೆ ಸಮ. ಪೂಜೆಯ ಕೊನೆಯಲ್ಲಿ ಗುರುಗಳು ತಟ್ಟೆ ಒರೆಸಿ, ಪಾತ್ರೆಗೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಯುವುದು ಇದಕ್ಕೇ. ಕರಾವಳಿಯ ಮಳೆಗಾಲದಲ್ಲಿ ಡಬ್ಬಿ ಗಟ್ಟಿಯಾಗಿ ಮುಚ್ಚದಿದ್ದರೆ ಬಿಲ್ಲೆ ಹಪ್ಪಳದ ಹಾಗೆ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಪೂಜೆಯ ನಂತರ ಚರ್ಚಿನ ಪೆಟ್ಟಿಗೆಯಲ್ಲಿ ಉಳಿಸಿಟ್ಟ ಪರಮಪ್ರಸಾದವನ್ನು ಆಗಾಗ ಸೇವಿಸಿ ಖಾಲಿ ಮಾಡಿ ಹೊಸದನ್ನು ಇಡಬೇಕು.

ಗೋಧಿಯ ಗ್ಲುಟನ್ ಆಗದವರ ಪಾಡೇನು? ಗ್ಲುಟನ್ ತೀರಾ ಕಡಿಮೆ ಇರುವ ರೊಟ್ಟಿಗೆ ರೋಮ್ (ವ್ಯಾಟಿಕನ್) ಒಪ್ಪಿಗೆ ಕೊಟ್ಟಿದೆ, ಪೂರ್ತಿ ಇಲ್ಲದ್ದಕ್ಕೆ ಇಲ್ಲ. 2003ರಲ್ಲಿ ಹೇಳಿ 2017ರಲ್ಲಿ ಮತ್ತೆ ಖಚಿತಪಡಿಸಿತು. ಅದೂ ಆಗದವರು ದ್ರಾಕ್ಷಾರಸವನ್ನಷ್ಟೇ ಪಡೆಯಬಹುದು. ಎರಡರಲ್ಲಿ ಯಾವುದೊಂದನ್ನು ಪಡೆದರೂ ಪೂರ್ತಿ ಕ್ರಿಸ್ತರನ್ನೇ ಪಡೆದಂತೆ ಎಂಬುದು ಬೋಧನೆ. ನಮ್ಮ ಚರ್ಚುಗಳಲ್ಲಿ ಸಾಮಾನ್ಯವಾಗಿ ಜನರಿಗೆ ರೊಟ್ಟಿ ಮಾತ್ರ ಸಿಗುವುದೂ ಇದೇ ಆಧಾರದ ಮೇಲೆ. 1415ರಲ್ಲಿ ಕಾನ್‌ಸ್ಟನ್ಸ್ ನಗರದಲ್ಲಿ ಸೇರಿದ ಬಿಷಪ್ಪರ ಮಹಾಸಭೆ ಜನಸಾಮಾನ್ಯರಿಗೆ ಬಟ್ಟಲು ಬೇಡ ಎಂದು ವಿಧಿಸಿತ್ತು. 1962-65ರ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಬಟ್ಟಲು ಕೊಡಲು ಅವಕಾಶವಾಗಿದೆ, ಆದರೆ ದೊಡ್ಡ ಜನಸಂದಣಿಯಲ್ಲಿ ಚೆಲ್ಲುವ ಭಯವೇ ಹೆಚ್ಚು.

ಕೈ ಹಿಡಿಯುವ ಬಗೆಯನ್ನು ಗಮನಿಸಿದ್ದೀರಾ? ಎಡ ಅಂಗೈ ಮೇಲೆ, ಬಲಗೈ ಅದರ ಕೆಳಗೆ. ತೀರ್ಥಕ್ಕೆ ಬಲಗೈ ಚಾಚಿ ಬೆಳೆದವರಿಗೆ ಇದು ಉಲ್ಟಾ ಅನ್ನಿಸುತ್ತದೆ. ಕಾರಣ ಸರಳ: ಎಡಗೈಗೆ ಬಿದ್ದ ಬಿಲ್ಲೆಯನ್ನು ಕೆಳಗಿನ ಬಲಗೈಯಿಂದ ಎತ್ತಿ ಬಾಯಿಗೆ ಇಟ್ಟುಕೊಳ್ಳಬೇಕು. ಸ್ವಾರಸ್ಯವೆಂದರೆ 4ನೇ ಶತಮಾನದ ಜೆರುಸಲೇಮಿನಲ್ಲಿ ಹೊಸಬರಿಗೆ ಕಲಿಸುತ್ತಿದ್ದುದು ಇದರ ತದ್ವಿರುದ್ಧ: ರಾಜನನ್ನು ಬರಮಾಡಿಕೊಳ್ಳುವ ಬಲಗೈಗೆ ಎಡಗೈಯನ್ನು ಸಿಂಹಾಸನ ಮಾಡು, ಅಂಗೈ ಗುಳಿ ಮಾಡು ಎಂದು. ಥೇಟ್ ನಾವು ತೀರ್ಥ ತಗೊಳ್ಳುವ ಹಾಗೆ! ನಾಲಿಗೆಯ ಮೇಲೆ ಪಡೆಯುವವರೂ ಇದ್ದಾರೆ. ಬಿಲ್ಲೆ ಕೈಗೆ ಬಿದ್ದ ಮೇಲೆ ನಡೆಯುತ್ತಾ ತಿನ್ನಬಾರದು, ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ನಿಂತು, ಸೇವಿಸಿ ಹೊರಡಬೇಕು. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆ ನೀರು, ಔಷಧಿ ಬಿಟ್ಟು ಏನೂ ತಿನ್ನಬಾರದು. ಈ ಒಂದು ಗಂಟೆಯ ನಿಯಮ 1964ರದ್ದು. 1950ರ ದಶಕದ ಸಡಿಲಿಕೆಗೆ ಮುಂಚೆ ನಡುರಾತ್ರಿಯಿಂದಲೇ ಉಪವಾಸವಿತ್ತು.

ಇನ್ನು ಖಾರದ ಪ್ರಶ್ನೆ. "ಯೇಸು ಪಾಪಿಗಳ ಜೊತೆಗೂ ಊಟ ಮಾಡಿದವನು, ನೀವು ನಮ್ಮನ್ನು ಪಂಕ್ತಿಯಿಂದ ಹೊರಗಿಡುತ್ತೀರಲ್ಲ?" ನ್ಯಾಯವಾದ ಮಾತು. ಆದರೆ ಈ ಗಡಿ ಇವತ್ತಿನದಲ್ಲ. ಕ್ರಿ.ಶ. 155ರ ಸುಮಾರಿಗೆ ರೋಮಿನಲ್ಲಿದ್ದ ಜಸ್ಟಿನ್ ಎಂಬ ಕ್ರೈಸ್ತ ಲೇಖಕ, ನಂಬಿ ಜ್ಞಾನಸ್ನಾನ (ಕ್ರೈಸ್ತ ದೀಕ್ಷೆ) ಪಡೆದವರಿಗಷ್ಟೇ ಈ ಊಟ ಎಂದು ಬರೆದಿದ್ದಾನೆ. ನಂಬಿಕೆಯ ಗಡಿ ದಾಟಬಹುದಾದದ್ದು, ಹುಟ್ಟಿನ ಗಡಿ ಹಾಗಲ್ಲ. ಪೌಲನಿಗೆ ಸಿಟ್ಟು ಬಂದದ್ದು ಎರಡನೆಯದಕ್ಕೆ ಹತ್ತಿರದ ಸಂಗತಿಗೆ: ಕೊರಿಂಥದಲ್ಲಿ ಉಳ್ಳವರು ಮೊದಲೇ ಬಂದು ತಿಂದು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದುಕೊಂಡೇ ಇರುತ್ತಿದ್ದರು. ಅಯೋಗ್ಯವಾಗಿ ತಿನ್ನಬೇಡಿ ಎಂಬ ಅವನ ಪ್ರಸಿದ್ಧ ಎಚ್ಚರಿಕೆ ಬಂದದ್ದು ಈ ಪಂಕ್ತಿಭೇದದ ಬೆನ್ನಲ್ಲೇ. ನಮ್ಮ ದಕ್ಷಿಣದ ಸಭೆಗಳೂ ಇದರಲ್ಲಿ ಎಡವಿವೆ. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್, ಜಾತಿ ಭೇದವನ್ನು ಸಭೆಯೊಳಗೆ ಕೂಡಲೇ ಬಿಡಬೇಕು, ಕರ್ತನ ಭೋಜನದಲ್ಲೂ ಅದು ಕೂಡದು ಎಂದು ಪತ್ರ ಬರೆದಾಗ ತಂಜಾವೂರು ಕಡೆಯ ಎಷ್ಟೋ ಮೇಲ್ಜಾತಿ ಕ್ರೈಸ್ತರು ಸಭೆಯನ್ನೇ ಬಿಟ್ಟರು, ಜಾತಿ ಬಿಡಲಿಲ್ಲ.

ಪ್ರಾಟೆಸ್ಟಂಟರಲ್ಲಿ ಒಂದೇ ಉತ್ತರವಿಲ್ಲ. 1529ರಲ್ಲಿ ಜರ್ಮನಿಯ ಮಾರ್ಬರ್ಗಿನಲ್ಲಿ, ಪ್ರಾಟೆಸ್ಟಂಟ್ ಚಳವಳಿ ಶುರುಮಾಡಿದ ಲೂಥರ್ "ಇದು ನನ್ನ ದೇಹ" ಎಂಬುದನ್ನು ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದಿಟ್ಟುಕೊಂಡೇ ವಾದಕ್ಕೆ ಕೂತ. ಎದುರಿಗಿದ್ದ ಸ್ವಿಸ್ ಸುಧಾರಕ ಜ್ವಿಂಗ್ಲಿಗೆ ಅದು ಬರೀ ಸಂಕೇತ. ಆ ಜಗಳ ಇನ್ನೂ ಪೂರ್ತಿ ಬಗೆಹರಿದಿಲ್ಲ. ಸಿಎಸ್‌ಐ ಸಭೆಗಳಲ್ಲಿ ಮುಂದಿನ ಕಟಕಟೆಯ ಬಳಿ ಮಂಡಿಯೂರಿದವರಿಗೆ ರೊಟ್ಟಿ, ಬಟ್ಟಲು ಎರಡೂ ಬರುತ್ತವೆ. ಮೆಥೊಡಿಸ್ಟರಲ್ಲಿ ಹುದುಗದ ದ್ರಾಕ್ಷಿ ರಸ; 1869ರಲ್ಲಿ ಅಮೆರಿಕದ ಥಾಮಸ್ ವೆಲ್ಚ್ ಎಂಬ ಮೆಥೊಡಿಸ್ಟ್ ದಂತವೈದ್ಯ ರಸವನ್ನು ಬಿಸಿ ಮಾಡಿ ಹುದುಗದಂತೆ ಬಾಟಲಿಯಲ್ಲಿ ಕಾಪಿಡುವುದನ್ನು ಕಂಡುಕೊಂಡದ್ದು ಇದಕ್ಕೆಂದೇ. ಯಾರು ಮುಂದೆ ಬರಬಹುದು ಎಂಬುದನ್ನು ಅಯ್ಯನವರು (ಅಲ್ಲಿನ ಪಾದ್ರಿ) ಅಲ್ಲೇ ಹೇಳಿದರೆ ಅದರಂತೆ ನಡೆಯಿರಿ, ಹೇಳದಿದ್ದರೆ ಕೂತಿರಿ.

ಮದುವೆಗೆ ಹೊರಟವರಿಗೆ ಒಂದಿಷ್ಟು ಕಿವಿಮಾತು. ವಧು ವರರಲ್ಲಿ ಒಬ್ಬರು ಕ್ರೈಸ್ತರಲ್ಲದಿದ್ದರೆ ಸಾಮಾನ್ಯವಾಗಿ ಪರಮಪ್ರಸಾದ ಕೊಡುವ ಬಲಿಪೂಜೆಯೇ ಇರುವುದಿಲ್ಲ, ಹಾಗಾಗಿ ಈ ಪ್ರಶ್ನೆಯೂ ಏಳುವುದಿಲ್ಲ. ಪೂಜೆ ಇದ್ದರೆ ಬೆಂಚಿನ ನಡುದಾರಿಯ ತುದಿಯಲ್ಲಿ ಕೂರಬೇಡಿ. ಒಳಗಿದ್ದವರೆಲ್ಲ ಒಟ್ಟಿಗೆ ಏಳುತ್ತಾರೆ, ದಾರಿ ಬಿಡಲು ಎದ್ದವರು ಗೊತ್ತಿಲ್ಲದೆ ಸಾಲಿನೊಳಗೇ ಸೇರಿಬಿಡುತ್ತಾರೆ. ಕ್ಯಾಥೋಲಿಕರಲ್ಲೂ ಕೆಲವರು ಅಂದು ಏಳದೆ ಕೂತಿರುತ್ತಾರೆ. ಗುರುಗಳ ಬಳಿ ಪಾಪನಿವೇದನೆ ಬಾಕಿ ಇರಬಹುದು, ಈಗಷ್ಟೇ ತಿಂಡಿ ತಿಂದಿರಬಹುದು. "ನೀವ್ಯಾಕೆ ಹೋಗಲಿಲ್ಲ?" ಎಂದು ಕೇಳಬೇಡಿ.

ಸಾಲಿನಲ್ಲಿ ಸಿಕ್ಕಿಹಾಕಿಕೊಂಡು ಗುರುಗಳ ಮುಂದೆ ಬಂದೇಬಿಟ್ಟರೆ ಎರಡೂ ಕೈಯನ್ನು ಎದೆಯ ಮೇಲೆ ಅಡ್ಡ ಇಟ್ಟು ತಲೆ ಬಾಗಿಸಿ, ಅಥವಾ "ನಾನು ಕ್ರೈಸ್ತನಲ್ಲ ಫಾದರ್" ಎಂದು ಮೆಲ್ಲಗೆ ಹೇಳಿ. ಆಶೀರ್ವದಿಸಿ ಕಳಿಸುತ್ತಾರೆ. ಬಿಲ್ಲೆ ಅಂಗೈಗೆ ಬಂದಿದ್ದರೆ ಅಲ್ಲೇ ಹಿಂದಿರುಗಿಸಿ. ಜೇಬಿಗಾಗಲಿ ಹಾಡಿನ ಪುಸ್ತಕದ ನಡುವೆಯಾಗಲಿ ಸೇರಿಸಬೇಡಿ. ಹಾಗೆ ಜೇಬಿಗೆ ಹೋದದ್ದನ್ನು ಕಂಡರೆ ಯಾರಾದರೂ ನಿಮ್ಮ ಬೆನ್ನ ಹಿಂದೆ ಬಂದೇ ಬರುತ್ತಾರೆ. ಕೆಳಗೆ ಬಿದ್ದರೆ ನೀವು ಗಾಬರಿಯಾಗಿ ಬಗ್ಗುವುದು ಬೇಡ, ಗುರುಗಳೇ ಎತ್ತಿಕೊಳ್ಳುತ್ತಾರೆ. ಈಗಾಗಲೇ ಬಾಯಿಗೆ ಹೋಗಿದ್ದರೆ ಉಗುಳಬೇಡಿ. ನುಂಗಿ, ಬಂದು ಕೂತುಕೊಳ್ಳಿ. ಅದಕ್ಕೆ ದಂಡವೂ ಇಲ್ಲ, ಪ್ರಾಯಶ್ಚಿತ್ತವೂ ಇಲ್ಲ.