ಎರಡನೇ ಡಿಕಾಕ್ಷನ್ ಯಾರಿಗೆ?

ನಮ್ಮ ಬಂಧುಬಳಗದಲ್ಲಿ ನನ್ನ ಸೋದರತ್ತೆಯನ್ನು ಜಿಪುಣಿ ಎನ್ನುವವರಿಗೆ ಕೊರತೆಯಿಲ್ಲ. ಹಾಲಿನ ಪ್ಯಾಕೆಟ್ಟು ಖಾಲಿಯಾದ ಮೇಲೆ ಅತ್ತೆ ಅದಕ್ಕೆ ನಾಲ್ಕು ಹನಿ ನೀರು ಹಾಕಿ ಕುಲುಕಿ ಮತ್ತೆ ಪಾತ್ರೆಗೆ ಬಗ್ಗಿಸುತ್ತಾರೆ. ತೊಳೆದ ಪ್ಯಾಕೆಟ್ಟುಗಳನ್ನು ಒಣಗಿಸಿ, ಕಟ್ಟಿಟ್ಟು, ಹಳೆಯ ಪೇಪರಿನವನಿಗೆ ತೂಕಕ್ಕೆ ಹಾಕುತ್ತಾರೆ. ಲಗ್ನಪತ್ರಿಕೆಯ ಹಿಂಬದಿ ಖಾಲಿ ಇದ್ದರೆ ಅದರಲ್ಲಿ ದಿನಸಿ ಪಟ್ಟಿ ಬರೆಯುತ್ತಾರೆ. ನೋಡಿದವರು ಮುಸಿಮುಸಿ ನಗುತ್ತಾರೆ. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ಹೆಸರು ಅತ್ತೆಗೆ ಸಲ್ಲದು ಎಂದು ಮೊದಲಿನಿಂದಲೂ ಅನ್ನಿಸುತ್ತಿತ್ತು. ಏಕೆ ಸಲ್ಲದು ಎಂದು ಬಿಡಿಸಿ ಹೇಳಲು ಬಂದದ್ದು ಮಾತ್ರ ಕಳೆದ ವರ್ಷ ವರಮಹಾಲಕ್ಷ್ಮಿ ಹಬ್ಬದ ಮುಂಚೆ ಅವರ ಜೊತೆ ಒಂದು ದಿನ ಪೂರ್ತಿ ಸುತ್ತಾಡಿದ ಮೇಲೆ.

ಅತ್ತೆ ಜಾಲಹಳ್ಳಿಯ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿದ್ದವರು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಶುರುವಾದ ಕಾರ್ಖಾನೆ ಅದು. ಜೋಡಣೆ ವಿಭಾಗದಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕುಳಿತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಚಿಮುಟದಲ್ಲಿ ಹಿಡಿದು ಕೂರಿಸುತ್ತಿದ್ದರಂತೆ. ಮಾವ ತೀರಿಕೊಂಡಾಗ ಮಕ್ಕಳಿಬ್ಬರೂ ಇನ್ನೂ ಶಾಲೆಯಲ್ಲಿದ್ದರು. ಮುಂದೆ ಸ್ವಯಂ ನಿವೃತ್ತಿ ಪಡೆದಾಗ ಕೈಗೆ ಬಂದ ಹಣವನ್ನು ಅತ್ತೆ ಅಂಚೆ ಕಚೇರಿಯಲ್ಲಿಟ್ಟರು. ತಿಂಗಳು ತಿಂಗಳು ಕಟ್ಟುವ ಐದು ವರ್ಷದ ಆರ್‌.ಡಿ. ಒಂದು ಮುಗಿಯುವ ಹೊತ್ತಿಗೆ ಒಬ್ಬರ ಕಾಲೇಜು ಶುಲ್ಕ ಕಟ್ಟುವ ಸಮಯ ಬರುವಂತೆ ಲೆಕ್ಕ ಹಾಕಿ ಖಾತೆ ತೆರೆಯುತ್ತಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಎಲ್ಲರೂ ಹೇಳುತ್ತಾರೆ; ಅತ್ತೆಯ ಹಾಸಿಗೆ ಎಷ್ಟು ಗಿಡ್ಡವಿತ್ತು ಎಂಬುದನ್ನು ನಗುವವರು ನೋಡಿಲ್ಲ.

ಹಬ್ಬ ಶುಕ್ರವಾರ. ನಾವು ಹೊರಟಿದ್ದು ಬುಧವಾರ ನಸುಕಿನಲ್ಲಿ. ಗುರುವಾರ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಕಾಲಿಡುವಂತಿಲ್ಲ, ಹೂವಿನ ಬೆಲೆ ಕೇಳುವಂತಿಲ್ಲ. ಬಿಡಿ ಸೇವಂತಿಗೆಯನ್ನು ಬುಧವಾರವೇ ಕೊಂಡು, ನೀರು ಚಿಮುಕಿಸಿದ ಬಟ್ಟೆಯಲ್ಲಿ ಸುತ್ತಿ ತಂಪಿನಲ್ಲಿಟ್ಟರೆ ಶುಕ್ರವಾರದವರೆಗೆ ಮುಕ್ಕಾಗುವುದಿಲ್ಲ ಎನ್ನುವುದು ಅತ್ತೆಯ ಅನುಭವ. ಕಟ್ಟಿದ ಹೂವು ಕೊಂಡರೆ ಕಟ್ಟಿದ ಕೂಲಿಯನ್ನೂ ಕೊಡಬೇಕು. ಬಿಡಿ ಹೂವು ತಂದು ಬಾಳೆನಾರಿನಲ್ಲಿ ತಾವೇ ಕಟ್ಟುತ್ತಾರೆ. ಮನೆಯ ಹತ್ತಿರವೇ ಮೆಟ್ರೊ ಇದೆ, ಮಾರುಕಟ್ಟೆಯ ಬಾಗಿಲಿಗೇ ಇಳಿಸುತ್ತದೆ. ಆದರೆ 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋದ ಮೇಲೆ ಅತ್ತೆ ಬಸ್ಸಿಗೆ ಮರಳಿದ್ದಾರೆ. 2023ರ ಜೂನ್‌ನಿಂದ ಹೆಂಗಸರಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಇದ್ದೇ ಇದೆ. ನಿರ್ವಾಹಕರು ಕೊಟ್ಟ ಆ ಚೀಟಿಯನ್ನೂ ಅತ್ತೆ ಮಡಿಸಿ ಪರ್ಸಿನಲ್ಲಿಟ್ಟರು. "ಇಳಿಯುವವರೆಗೆ ಬೇಕಲ್ಲವೇ, ತಪಾಸಣೆಯವರು ಬಂದರೆ?" ಎಂದರು.

ಮಾರುಕಟ್ಟೆಯಲ್ಲಿ ಅವರ ಚೌಕಾಶಿ ನೋಡುವಂಥದ್ದು. ಮಂಡಿಯವನು ಹೇಳಿದ ಬೆಲೆಗೆ ಮುಖ ತಿರುಗಿಸಿ ಮೂರು ಅಂಗಡಿ ದಾಟಿ, ಅಲ್ಲಿಯ ಬೆಲೆ ತಿಳಿದುಕೊಂಡು ಬಂದು, ರಾಶಿಗೆ ಕೈ ಹಾಕಿ ಕೆಳಗಿನ ಹೂವನ್ನು ಮೇಲಕ್ಕೆತ್ತಿ ನೋಡಿ, ಆಮೇಲೆ ತಮ್ಮ ಬೆಲೆ ಹೇಳಿದರು. ಕನಕಾಂಬರದ ಕಡೆ ತಿರುಗಿಯೂ ನೋಡಲಿಲ್ಲ. ಹಬ್ಬದ ವಾರದಲ್ಲಿ ಅದು ಕಿಲೋಗೆ ಸಾವಿರಗಳ ಲೆಕ್ಕದಲ್ಲಿ ಮಾರಾಟವಾಗುತ್ತದೆ. "ದೇವಿ ಕೇಳಿದ್ದು ಹೂವನ್ನು. ಇಂಥದ್ದೇ ಹೂವು ಎಂದು ಕೇಳಲಿಲ್ಲ," ಎಂದು ಮುಂದೆ ನಡೆದರು. ಗದ್ದಲದಲ್ಲಿ ವ್ಯಾಪಾರಿ ಹೇಳಿದ ಬೆಲೆ ಅವರಿಗೆ ಒಂದು ಸಲಕ್ಕೆ ಕೇಳಿಸುತ್ತಿರಲಿಲ್ಲ. ನಾನು ಕಿವಿಯ ಹತ್ತಿರ ಬಗ್ಗಿ ಹೇಳಬೇಕಾಗುತ್ತಿತ್ತು.

ಹೊರಗೆ ಮೆಟ್ಟಿಲ ಬದಿಯಲ್ಲಿ ಒಬ್ಬ ಅಜ್ಜಿ ಬಿದಿರಿನ ಬುಟ್ಟಿಯಲ್ಲಿ ಮರುಗ, ತುಳಸಿ, ಮಾವಿನ ಸೊಪ್ಪು ಇಟ್ಟುಕೊಂಡು ಕುಳಿತಿದ್ದಳು. ಅವಳು ಹೇಳಿದಷ್ಟನ್ನು ಅತ್ತೆ ತುಟಿಪಿಟಕ್ಕೆನ್ನದೆ ಕೊಟ್ಟರು. ಒಳಗೆ ಅಷ್ಟು ಜಗ್ಗಾಡಿದವರು ಇಲ್ಲಿ ಸುಮ್ಮನಾದದ್ದು ಏಕೆ ಎಂದು ಕೇಳಿದೆ. "ತಕ್ಕಡಿ ಇಟ್ಟುಕೊಂಡವರ ಹತ್ತಿರ ಚೌಕಾಶಿ ಮಾಡಬೇಕು, ಬುಟ್ಟಿ ಇಟ್ಟುಕೊಂಡವರ ಹತ್ತಿರ ಮಾಡಬಾರದು. ಮಂಡಿಯವನು ನನಗೆ ಐದು ರೂಪಾಯಿ ಇಳಿಸಿದರೆ ಇನ್ನೊಬ್ಬರ ಹತ್ತಿರ ಎತ್ತಿಕೊಳ್ಳುತ್ತಾನೆ. ಈ ಅಜ್ಜಿ ಎಲ್ಲಿಂದ ಎತ್ತಿಕೊಳ್ಳುತ್ತಾಳೆ?"

ಅಲ್ಲಿಂದ ಅವೆನ್ಯೂ ರಸ್ತೆ ಹಿಡಿದು ಚಿಕ್ಕಪೇಟೆಗೆ ನಡೆದೆವು. ಅರಿಶಿನ ಕುಂಕುಮಕ್ಕೆ ಬರುವವರಿಗೆ ಕೊಡಲು ರವಿಕೆ ಕಣ ಬೇಕಿತ್ತು. ಈ ರವಿಕೆ ಕಣದ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಮಾತಾಡಬೇಕು, ಏಕೆಂದರೆ ನಮ್ಮ ಊರಿನ ಜಿಪುಣತನ ಇಷ್ಟು ಅಂದವಾಗಿ ಮಡಿಸಿಕೊಂಡು ಕೂರುವ ಜಾಗ ಇನ್ನೊಂದಿಲ್ಲ. ತಾಂಬೂಲದ ಜೊತೆ ಕೊಡಲೆಂದೇ ತಯಾರಾಗುವ ಬಟ್ಟೆಯಿದೆ. ಗಂಜಿ ಕುಡಿದು ಗರಿಗರಿಯಾಗಿರುತ್ತದೆ, ಒಂದು ಸಲ ನೀರಿಗೆ ಹಾಕಿದರೆ ಸೊಳ್ಳೆ ಪರದೆಯಾಗುತ್ತದೆ. ಅಳತೆಯೂ ಅಷ್ಟೇ: ಯಾವ ದರ್ಜಿಯೂ ಅದರಲ್ಲಿ ತೋಳು ತೆಗೆಯಲಾರ. ಹೊಲಿಸಲು ಬಾರದು ಎಂದು ಕೊಡುವವರಿಗೂ ಗೊತ್ತು, ತೆಗೆದುಕೊಳ್ಳುವವರಿಗೂ ಗೊತ್ತು. ಆದ್ದರಿಂದ ಅದು ಬಸವನಗುಡಿಯಿಂದ ಮಲ್ಲೇಶ್ವರಕ್ಕೆ, ಮಲ್ಲೇಶ್ವರದಿಂದ ವಿಜಯನಗರಕ್ಕೆ ಮಡಿಕೆ ಬಿಚ್ಚದೆ ಓಡಾಡುತ್ತಿರುತ್ತದೆ. ಕಡೆಗೆ ಅದು ಬಂದು ನಿಲ್ಲುವುದು ಮನೆಗೆಲಸದ ಹೆಂಗಸಿನ ಕೈಯಲ್ಲಿ. ಅವಳು ಅದನ್ನು ಯಾರಿಗೂ ದಾಟಿಸಲಾರಳು.

ಅಂಗಡಿಯವನು ಮೊದಲು ತಂದದ್ದು ಅಂಥದ್ದೇ ಕಟ್ಟನ್ನು. "ಕೊಡುವುದಕ್ಕೆ ತಾನೇ ಅಮ್ಮ, ಇದು ಸಾಕು," ಎಂದ. ಅತ್ತೆ ಒಂದನ್ನು ಬಿಚ್ಚಿ ಬೆಳಕಿಗೆ ಹಿಡಿದರು. ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ಉದುರಿದ ಗಂಜಿಯ ಪುಡಿಯನ್ನು ಅವನಿಗೇ ತೋರಿಸಿದರು. ಪನ್ನ, ಅಂದರೆ ಬಟ್ಟೆಯ ಅಗಲ, ಎಷ್ಟು ಎಂದು ಗೇಣು ಹಾಕಿ ಅಳೆದರು. ಗಡಿಯಾರದ ಕೆಲಸ ಬಿಟ್ಟು ಎಷ್ಟು ಕಾಲವಾದರೂ ಅವರ ಕಣ್ಣು ಬದಲಾಗಿಲ್ಲ. ಕೊನೆಗೆ ಒಳಗಿನಿಂದ ಹೊಲಿಸಲು ಬರುವ ರೂಬಿಯಾ ಬಟ್ಟೆ ತರಿಸಿ, ತಲಾ ಒಂದು ಮೀಟರಿನಂತೆ ಕತ್ತರಿಸಿಕೊಂಡರು. ಬೆಲೆ ಎರಡು ಪಟ್ಟಿಗಿಂತ ಹೆಚ್ಚಾಯಿತು. ಹಾಗಾಗಿ ಪಟ್ಟಿಯಲ್ಲಿದ್ದ ಎಲ್ಲರಿಗೂ ರವಿಕೆ ಕಣ ಇಲ್ಲ. ಹೊಸದಾಗಿ ಬಂದ ನೆರೆಯವರಿಗೆ ಎಲೆ, ಅಡಿಕೆ, ಬಾಳೆಹಣ್ಣು, ಅರಿಶಿನದ ಕೊಂಬು ಸಾಕು ಎಂದು ಅಲ್ಲೇ ತೀರ್ಮಾನಿಸಿದರು. ಮನೆಗೆಲಸಕ್ಕೆ ಬರುವವಳ ಹೆಸರು ಮಾತ್ರ ರೂಬಿಯಾ ಪಟ್ಟಿಯಲ್ಲಿ ಮೇಲೆಯೇ ಇತ್ತು. "ಹೊಲಿಸಲಾಗದ ಬಟ್ಟೆಗೆ ಕೊಟ್ಟ ದುಡ್ಡು ಪೂರ್ತಿ ದಂಡ. ಹತ್ತು ರೂಪಾಯಿಯದ್ದಾದರೂ ದಂಡ ದಂಡವೇ," ಎಂದರು.

ಮಧ್ಯಾಹ್ನ ರಾಜಾಜಿನಗರದಲ್ಲಿ ಬಂಧುಗಳೊಬ್ಬರ ಮನೆಗೆ ಹೋದೆವು. ಆ ಮನೆಯಾಕೆ ಅತ್ತೆಗೆ ತಂಗಿಯ ವರಸೆ. ಕುಂಕುಮ ಕೊಟ್ಟು ಹಬ್ಬಕ್ಕೆ ಕರೆಯಬೇಕಿತ್ತು. ಯಜಮಾನರು ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ನಗರದ ಬೇರೆ ಬೇರೆ ಕಡೆ ಬಾಡಿಗೆ ಮನೆಗಳಿವೆ. ಬಂಧುಗಳೆಲ್ಲ ಅವರನ್ನು "ಹಣದ ಬೆಲೆ ತಿಳಿದವರು" ಎಂದು ಹೊಗಳುತ್ತಾರೆ. ಅತ್ತೆಯನ್ನು ಕಂಡು ನಗುವವರೂ ಇವರೇ, ಈ ಮನುಷ್ಯರನ್ನು ಹೊಗಳುವವರೂ ಇವರೇ. ಇದು ನನಗೆ ಎಂದೂ ಅರ್ಥವಾಗಿಲ್ಲ.

ಕಾಫಿ ಬಂತು. ಬಾಯಿಗಿಟ್ಟ ಕೂಡಲೇ ತಿಳಿಯಿತು, ಬೆಳಗಿನ ಫಿಲ್ಟರಿಗೇ ಮತ್ತೆ ಬಿಸಿನೀರು ಹಾಕಿ ಇಳಿಸಿದ ಎರಡನೇ ಡಿಕಾಕ್ಷನ್. ಮನೆಯಾಕೆ ಲೋಟ ಕೊಡುವಾಗ ನಮ್ಮ ಮುಖ ನೋಡಲಿಲ್ಲ. ಪುಡಿಯ ಡಬ್ಬಿ ಯಜಮಾನರ ಸುಪರ್ದಿನಲ್ಲಿರುತ್ತದೆ ಎಂದು ಎಲ್ಲರಿಗೂ ಗೊತ್ತು. ತರಕಾರಿಗೂ ಅವರು ದಿನದ ಲೆಕ್ಕದಲ್ಲಿ ದುಡ್ಡು ಎಣಿಸಿ ಕೊಡುತ್ತಾರೆ.

ಯಜಮಾನರು ಉತ್ಸಾಹದಲ್ಲಿದ್ದರು. ಹಿಂದಿನ ವಾರ ಒಂದು ಮನೆ ಖಾಲಿಯಾಗಿತ್ತಂತೆ. ಮುಂಗಡ ಹಣ ಹಿಂದಿರುಗಿಸುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಂಡದ್ದಾಗಿ ಹೇಳಿದರು. ಬೆಂಗಳೂರಿನಲ್ಲಿ ಬಾಡಿಗೆಗೆ ಇದ್ದವರಿಗೆಲ್ಲ ಈ ಕಡಿತ ಗೊತ್ತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದು ಎಂದು ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಇಲ್ಲಿ ಐದಾರು ತಿಂಗಳದ್ದು, ಹತ್ತು ತಿಂಗಳದ್ದು ಕೇಳುವವರು ಇನ್ನೂ ಇದ್ದಾರೆ, ಅದರಲ್ಲಿ ಒಂದು ತಿಂಗಳದ್ದು ಬಣ್ಣದ ಹೆಸರಿನಲ್ಲಿ ಹೋಗುತ್ತದೆ. ಬಣ್ಣ ಹಚ್ಚಿಸಿದರೆ ಅದೂ ಒಂದು ಲೆಕ್ಕ. ಯಜಮಾನರು ಹೇಳಿದ್ದು ಬೇರೆ: "ಪ್ರತಿ ಸಲವೂ ಹಿಡಿಯುತ್ತೇನೆ, ಬಣ್ಣ ಹಚ್ಚಿಸುವುದು ಮೂರು ಸಲಕ್ಕೊಮ್ಮೆ. ಗೋಡೆ ಚೆನ್ನಾಗಿಯೇ ಇತ್ತು."

ಅತ್ತೆಗೆ ನಿಜವಾಗಿಯೂ ಕೇಳಿಸಿರಲಿಲ್ಲ. "ಏನಂದಿರಿ?" ಎಂದು ಮುಂದಕ್ಕೆ ಬಾಗಿದರು. ಯಜಮಾನರು ಅದೇ ಮಾತನ್ನು ದನಿ ಎತ್ತಿ ಹೇಳಬೇಕಾಯಿತು. ಅಷ್ಟು ಜೋರಾಗಿ, ಬಿಡಿಬಿಡಿಯಾಗಿ ಹೇಳುವಾಗ ಮೊದಲಿನ ಗೆಲುವು ಅವರ ದನಿಯಲ್ಲಿ ಇರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಒಳಗೆ ಹೋದರು. ಅತ್ತೆ "ಓ" ಎಂದಷ್ಟೇ ಹೇಳಿ ಲೋಟ ಕೆಳಗಿಟ್ಟರು.

ಬಸ್ಸಿಗೆ ಕಾಯುತ್ತ ನಿಂತಾಗ ನನಗೆ ಕಾಫಿಯದ್ದೇ ಯೋಚನೆ. ಎರಡನೇ ಡಿಕಾಕ್ಷನ್ ಅತ್ತೆಯ ಮನೆಯಲ್ಲೂ ಇಳಿಯುತ್ತದೆ. ಪುಡಿಯಲ್ಲಿ ಇನ್ನೂ ಸಾರವಿರುವಾಗ ಎಸೆಯಲು ಅವರಿಗೆ ಮನಸ್ಸು ಬಾರದು. ಆದರೆ ಅದು ಅವರ ಲೋಟಕ್ಕೆ. ಬಂದವರಿಗೆ, ಮನೆಗೆಲಸದವಳಿಗೂ, ಮೊದಲಿನದು. ಫಿಲ್ಟರು ಒಂದೇ ಬಗೆಯದು, ಪುಡಿಯೂ ಒಂದೇ, ಉಳಿಯುವ ದುಡ್ಡೂ ಹೆಚ್ಚುಕಡಿಮೆ ಒಂದೇ. ಅಲ್ಲಿ ಅತಿಥಿ ತೆರುತ್ತಾನೆ, ಇಲ್ಲಿ ಅತ್ತೆ ತೆರುತ್ತಾರೆ. ಅಂದಿನಿಂದ ಯಾರಾದರೂ "ಇಷ್ಟು ಉಳಿಸಿದೆ" ಎಂದು ಹೇಳಿದರೆ, ಅದನ್ನು ತೆತ್ತವರು ಯಾರು ಎಂದು ನಾನು ಮೊದಲು ಹುಡುಕುತ್ತೇನೆ. ಮನೆ ಖಾಲಿ ಮಾಡಿ ಹೋದವರು, ಹಬ್ಬದ ಮರುದಿನ ರಜೆ ಹಾಕಿದ್ದಕ್ಕೆ ಸಂಬಳ ಕಡಿತವಾದ ಕೆಲಸದವಳು, ಗಂಡನ ಮುಂದೆ ಕೈಯೊಡ್ಡಿ ನಿಲ್ಲುವ ಹೆಂಡತಿ: ಇವರಲ್ಲಿ ಒಬ್ಬರು ಸಿಕ್ಕೇ ಸಿಗುತ್ತಾರೆ.

ಕೆಲಸದವಳ ಮಾತು ಬಂದದ್ದರಿಂದ ಇನ್ನೊಂದು ಹೇಳಬೇಕು. ಅತ್ತೆ ಅವಳಿಗೆ ತಿಂಗಳಿಗೆ ಇಂತಿಷ್ಟು ರಜೆ, ಗೌರಿ ಹಬ್ಬಕ್ಕೆ ಒಂದು ತಿಂಗಳ ಸಂಬಳ ಹೆಚ್ಚಿಗೆ ಕೊಡುತ್ತಾರೆ. ಅದಕ್ಕೆ ಅದೇ ಬೀದಿಯವರು, "ನೀವು ಹೀಗೆ ರೇಟು ಕೆಡಿಸಿದರೆ ನಮಗೆಲ್ಲ ಕಷ್ಟ," ಎಂದು ಮನೆಗೇ ಬಂದು ಹೇಳಿದ್ದುಂಟು. ಮನೆಗೆಲಸದವರಿಗೂ ಕನಿಷ್ಠ ವೇತನ ಇರಬೇಕೆಂದು ಕರ್ನಾಟಕ ಸರ್ಕಾರ ಗೊತ್ತುಪಡಿಸಿದ್ದು 2004ರಲ್ಲಿಯೇ. ಆ ಬೀದಿಯಲ್ಲಿ ಕಾರು ಮೂರು ವರ್ಷಕ್ಕೊಮ್ಮೆ ಬದಲಾಗುತ್ತದೆ. ಕೆಲಸದವಳಿಗೆ ನೂರು ರೂಪಾಯಿ ಹೆಚ್ಚಿಸಲು ಮೂರು ವರ್ಷ ಚರ್ಚೆ ನಡೆಯುತ್ತದೆ. ಹಾಲಿನ ಪ್ಯಾಕೆಟ್ಟು ತೊಳೆಯುವ ಅತ್ತೆ ಮಾತ್ರ ಅವರ ಕಣ್ಣಿಗೆ ಜಿಪುಣಿ.

ಹೀಗೆಂದು ಅತ್ತೆ ಮಾಡುವುದೆಲ್ಲವನ್ನೂ ನಾನು ಒಪ್ಪುತ್ತೇನೆ ಎಂದಲ್ಲ. ಅಂದು ಸಂಜೆ ಅವರ ಮನೆಯಲ್ಲಿ ಕುಳಿತು ಹೂವು ಕಟ್ಟುತ್ತಿದ್ದಾಗ ಜಗಳವೇ ಆಯಿತು. ದಿನವಿಡೀ ಅವರ ಕಿವಿಯ ಹತ್ತಿರ ಬಗ್ಗಿ ಮಾತಾಡಿ ನನ್ನ ಗಂಟಲು ಕಟ್ಟಿತ್ತು. ಕಿವಿ ತೋರಿಸಿಕೊಂಡು ಬಂದಿದ್ದಾರೆ, ಯಂತ್ರ ಹಾಕಿಸಬೇಕೆಂದು ವೈದ್ಯರು ಹೇಳಿಯಾಗಿದೆ, ದುಡ್ಡೂ ಇದೆ. ಮಕ್ಕಳಿಬ್ಬರೂ ದುಡಿಯುತ್ತಿದ್ದಾರೆ. ಆದರೂ "ನಾಳೆ ನೋಡೋಣ" ಎಂದು ತಳ್ಳುತ್ತಲೇ ಬಂದಿದ್ದಾರೆ.

"ಶುಲ್ಕ ಕಟ್ಟುವ ಕಾಲದಲ್ಲಿ ನೀವು ಹೊಟ್ಟೆಬಟ್ಟೆ ಕಟ್ಟಿದ್ದು ಸರಿ ಅತ್ತೆ," ಎಂದೆ. "ಆ ಕಾಲ ಮುಗಿಯಿತಲ್ಲ. ಈಗ ಯಾರಿಗಾಗಿ ಉಳಿಸುತ್ತಿದ್ದೀರಿ? ಮಾರುಕಟ್ಟೆಯ ಅಜ್ಜಿಗೆ ತೋರಿಸಿದ ಮರ್ಯಾದೆಯನ್ನು ನಿಮಗೆ ನೀವೇ ತೋರಿಸಿಕೊಳ್ಳಬಾರದೇ?"

"ನನಗೆ ಕೇಳಿಸದಿದ್ದರೆ ಯಾರಿಗೆ ನಷ್ಟ?"

"ನಮಗೆ. ಮೊಮ್ಮಗ ಫೋನಿನಲ್ಲಿ ಮಾತಾಡುವುದನ್ನು ಬಿಟ್ಟಿದ್ದಾನೆ. ಏನು ಹೇಳಿದರೂ ಅಜ್ಜಿ ಸುಮ್ಮನೆ ಹೂಂ ಎನ್ನುತ್ತಾರೆ ಎಂದು ಅವನ ದೂರು."

ಇದು ಅವರಿಗೆ ಗೊತ್ತಿರಲಿಲ್ಲ. ನಾರು ಹಿಡಿದ ಕೈ ನಿಂತಿತು. ತಾವೊಬ್ಬರೇ ತೆರುತ್ತಿದ್ದೇನೆ ಎಂದುಕೊಂಡದ್ದನ್ನು ಆ ಹುಡುಗನೂ ತೆರುತ್ತಿದ್ದ. ನನ್ನ ಮಟ್ಟಿಗೆ ಇದು ಮಿತವ್ಯಯದ ಮೇರೆ. ಕೈಯಲ್ಲಿ ಹಣವಿದ್ದೂ ದೇಹಕ್ಕೆ ಬೇಕಾದದ್ದನ್ನು ಮುಂದಕ್ಕೆ ಹಾಕಿದರೆ, ಅದರ ಭಾರ ಇವತ್ತಲ್ಲ ನಾಳೆ ಮನೆಯವರ ಮೇಲೆಯೇ ಬೀಳುತ್ತದೆ.

ಮರುವಾರವೇ ಪರೀಕ್ಷೆಗೆ ಹೋದೆವು. ಎರಡು ಕಿವಿಗೂ ಯಂತ್ರ ಬೇಕು ಎಂದರು. ಅತ್ತೆ ಬೆಲೆಪಟ್ಟಿಯನ್ನು ಮನೆಗೆ ತಂದು, ಇನ್ನೆರಡು ಕಡೆ ವಿಚಾರಿಸಿ, ದುಬಾರಿ ಮಾದರಿಯಲ್ಲಿರುವ ಯಾವ ಸೌಲಭ್ಯ ತಮಗೆ ಬೇಡ ಎಂದು ಗೀಟು ಹಾಕಿಟ್ಟರು. ಅದಕ್ಕೆ ನನ್ನ ಅಡ್ಡಿಯಿರಲಿಲ್ಲ. ಆಮೇಲೆ, ಸದ್ಯಕ್ಕೆ ಬಲಗಿವಿಗೆ ಒಂದು ಸಾಕು, ಎಡಗಿವಿಯದ್ದನ್ನು ಯುಗಾದಿಗೆ ನೋಡೋಣ ಎಂದರು. ನಾನು ಒಪ್ಪಲಿಲ್ಲ. ಅತ್ತೆಯ ಮಗಳನ್ನೂ ಕರೆಸಿದೆ, ಅವಳೂ ಒಪ್ಪಲಿಲ್ಲ. ಎರಡನ್ನೂ ಒಟ್ಟಿಗೇ ತೆಗೆದುಕೊಂಡರೆ ಅಂಗಡಿಯವನು ಎಷ್ಟು ಇಳಿಸುತ್ತಾನೆ ಎಂದು ಅತ್ತೆ ಕೇಳಿದಾಗ ಮಾತು ನಮ್ಮ ಕಡೆಗೆ ತಿರುಗಿತು ಎಂದು ನಾವಿಬ್ಬರೂ ತಿಳಿದುಕೊಂಡೆವು.