ಫ್ಲಾರೆನ್ಸ್‌ನಲ್ಲಿ ವೀಕೆಂಡ್: ಯಾವುದಕ್ಕೆ ಟಿಕೆಟ್ ಮಾಡಬೇಕು, ಯಾವುದನ್ನು ಬಿಡಬೇಕು

ಫ್ಲಾರೆನ್ಸ್‌ಗೆ ಎರಡು ದಿನ ಸಾಕಾ ಅಂತ ಕೇಳುವವರೇ ಜಾಸ್ತಿ. ಊರು ನೋಡೋಕೆ ಸಾಕು, ಅಲ್ಲಿನ ಮ್ಯೂಸಿಯಂಗಳನ್ನೆಲ್ಲ ನೋಡುತ್ತೇನೆ ಅಂದ್ರೆ ಎರಡು ವಾರವೂ ಸಾಲದು. ಅದಕ್ಕೇ ನನ್ನ ಸಲಹೆ ಇಷ್ಟೇ: ಟಿಕೆಟ್ ತಗೊಂಡು ಒಳಗೆ ಹೋಗುವ ದೊಡ್ಡ ಜಾಗ ದಿನಕ್ಕೆ ಒಂದೇ ಇರಲಿ. ಉಳಿದದ್ದನ್ನು ಕಾಲಿಗೆ ಬಿಡಿ. ಹಳೇ ಊರು ಚಿಕ್ಕದು, ಒಂದು ತುದಿಯಿಂದ ಇನ್ನೊಂದು ತುದಿಗೆ ಅರ್ಧ ಗಂಟೆಯಲ್ಲಿ ನಡೆದು ಹೋಗಬಹುದು.

ನಾನಿರುವುದು ಮ್ಯೂನಿಕ್‌ನಲ್ಲಿ. ಗೆಳತಿ ಮಿಲಾನ್‌ನಲ್ಲಿ ಓದುತ್ತಿದ್ದಾಳೆ. ಹಿಂದಿನ ದಿನ ಅವಳ ರೂಮಿಗೆ ಹೋಗಿ ಮಲಗಿ, ಶನಿವಾರ ಬೆಳಗ್ಗೆ ಮೊದಲ ರೈಲುಗಳಲ್ಲೊಂದನ್ನು ಹಿಡಿದೆವು. ವೇಗದ ರೈಲಿನಲ್ಲಿ ಮಿಲಾನ್‌ನಿಂದ ಎರಡು ಗಂಟೆಯೂ ಆಗುವುದಿಲ್ಲ. ಬೊಲೋನ್ಯ ದಾಟಿದ ಮೇಲೆ ಹೆಚ್ಚು ಕಡಿಮೆ ಬರೀ ಸುರಂಗ, ಹಾಗಾಗಿ ಕಿಟಕಿ ಸೀಟಿಗೆ ಜಗಳ ಆಡಬೇಡಿ. ವಿಮಾನದಲ್ಲಿ ಫ್ಲಾರೆನ್ಸ್‌ಗೇ ಬಂದರೆ ಏರ್‌ಪೋರ್ಟ್‌ನಿಂದ ಟಿ2 ಟ್ರಾಮ್ ಇದೆ, ಇಪ್ಪತ್ತು ನಿಮಿಷದಲ್ಲಿ ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್ ಹತ್ತಿರ ಇಳಿಸುತ್ತದೆ. ಟ್ಯಾಕ್ಸಿ ಸುಮ್ನೆ ದುಡ್ಡು ದಂಡ. ಪೀಸಾಕ್ಕೆ ಅಗ್ಗದ ವಿಮಾನ ಸಿಕ್ಕರೂ ತೊಂದರೆ ಇಲ್ಲ, ಅಲ್ಲಿಂದ ಲೋಕಲ್ ರೈಲಿನಲ್ಲಿ ಸುಮಾರು ಒಂದು ಗಂಟೆ. ಒಂದು ಎಚ್ಚರಿಕೆ: ಲೋಕಲ್ ರೈಲಿಗೆ ಕಾಗದದ ಟಿಕೆಟ್ ತಗೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಮಷೀನಿನಲ್ಲಿ ಅದಕ್ಕೆ ಮುದ್ರೆ ಹಾಕಿಸಲೇಬೇಕು. ಟಿಕೆಟ್ ಇದ್ದೂ ದಂಡ ಕಟ್ಟಿದವರು ಬೇಕಾದಷ್ಟು ಜನ ಇದ್ದಾರೆ. ಸೀಟು ನಂಬರ್ ಇರುವ ವೇಗದ ರೈಲಿಗೆ ಈ ಗೋಜಿಲ್ಲ.

ಜರ್ಮನಿಯಿಂದ ಕಾರಿನಲ್ಲಿ ಬರುವವರು ಇದನ್ನು ಎರಡು ಸಲ ಓದಿ. ಹಳೇ ಊರಿನೊಳಗೆ ಪರ್ಮಿಟ್ ಇಲ್ಲದ ಗಾಡಿ ಹೋಗುವ ಹಾಗಿಲ್ಲ. ತಡೆಯೋಕೆ ಗೇಟೂ ಇರುವುದಿಲ್ಲ, ಪೊಲೀಸರೂ ಇರುವುದಿಲ್ಲ, ಬರೀ ಕ್ಯಾಮೆರಾ. ಪ್ರವಾಸ ಮರೆತೇ ಹೋದ ಮೇಲೆ ದಂಡದ ಕಾಗದ ಮನೆ ಬಾಗಿಲಿಗೆ ಬರುತ್ತದೆ. ಎ1 ಹೆದ್ದಾರಿಯ ಪಕ್ಕದಲ್ಲೇ ವಿಲ್ಲಾ ಕೊಸ್ತಾನ್ಝಾ ಅಂತ ಪಾರ್ಕಿಂಗ್ ಇದೆ. ಟೋಲ್ ದಾಟಿ ಹೊರಗೆ ಬರಬೇಕಾಗಿಯೂ ಇಲ್ಲ. ಗಾಡಿ ಅಲ್ಲೇ ಬಿಟ್ಟು ಟಿ1 ಟ್ರಾಮ್ ಹತ್ತಿದರೆ ಸೀದಾ ಊರೊಳಗೆ.

ಇನ್ನು ಬುಕಿಂಗ್. ರೈಲಿಗಿಂತ, ಹೋಟೆಲಿಗಿಂತ ಮೊದಲು ಮಾಡಬೇಕಾದದ್ದು ಡುಓಮೋ, ಅಂದರೆ ಊರಿನ ದೊಡ್ಡ ಚರ್ಚಿನ ಗುಮ್ಮಟ ಹತ್ತುವ ಟಿಕೆಟ್. ದಿನ, ಗಂಟೆ ಎರಡನ್ನೂ ಮೊದಲೇ ಆರಿಸಿಕೊಳ್ಳಬೇಕು, ಆಮೇಲೆ ಬದಲಾಯಿಸೋಕೆ ಆಗುವುದಿಲ್ಲ. ಸೀಸನ್‌ನಲ್ಲಿ ವೀಕೆಂಡ್ ಸ್ಲಾಟ್‌ಗಳು ವಾರಗಟ್ಟಲೆ ಮುಂಚೆಯೇ ಮುಗಿದುಹೋಗಿರುತ್ತವೆ. ನಾವು ಮೊದಲು ಆ ಸ್ಲಾಟ್ ಹಿಡಿದು, ಅದಕ್ಕೆ ಹೊಂದುವ ಹಾಗೆ ರೈಲು ಬುಕ್ ಮಾಡಿದೆವು. ಬ್ರುನೆಲ್ಲೆಸ್ಕಿ ಪಾಸ್ ಅಂತ ಸಿಗುತ್ತದೆ, ನಾವು ಹೋದಾಗ 30 ಯೂರೋ ಇತ್ತು. ಗುಮ್ಮಟ, ಜೊತ್ತೋನ ಗಂಟೆಗೋಪುರ, ಬ್ಯಾಪ್ಟಿಸ್ಟ್ರಿ (ದೀಕ್ಷಾಸ್ನಾನದ ಕಟ್ಟಡ), ಚರ್ಚಿನ ಮ್ಯೂಸಿಯಂ ಎಲ್ಲ ಅದರಲ್ಲೇ ಬರುತ್ತವೆ, ಮೂರು ದಿನ ನಡೆಯುತ್ತದೆ.

ಗುಮ್ಮಟಕ್ಕೆ 463 ಮೆಟ್ಟಿಲು. ಲಿಫ್ಟ್ ಇಲ್ಲ. ಅರ್ಧಕ್ಕೆ ಸಾಕು ಅನ್ನಿಸಿದರೆ ವಾಪಸ್ ತಿರುಗುವುದೂ ಕಷ್ಟ, ಹಿಂದೆ ಜನ ಬರುತ್ತಲೇ ಇರುತ್ತಾರೆ. ಮಂಡಿ ನೋವಿದ್ದವರು, ಇಕ್ಕಟ್ಟಾದ ಜಾಗದಲ್ಲಿ ಉಸಿರು ಕಟ್ಟುವವರು ದಯವಿಟ್ಟು ಬೇಡ. ಆದರೆ ಆಗುತ್ತೆ ಅನ್ನುವವರು ಬಿಡಲೇಬೇಡಿ, ಮೇಲಿನ ನೋಟಕ್ಕಿಂತ ಹತ್ತುವ ದಾರಿಯೇ ಚೆಂದ. ಮೊದಲು ಸುರುಳಿ ಮೆಟ್ಟಿಲು. ಆಮೇಲೆ ಗುಮ್ಮಟದ ಒಳಗಿನ ಕಟ್ಟೆ ಮೇಲೆ ಬರುತ್ತೀರಿ. ತಲೆ ಮೇಲೆ 'ಅಂತಿಮ ತೀರ್ಪಿ'ನ ದೊಡ್ಡ ಭಿತ್ತಿಚಿತ್ರ, ವಸಾರಿ ಶುರು ಮಾಡಿ ಜುಕ್ಕಾರಿ ಮುಗಿಸಿದ್ದು. ಕೆಳಗಿನಿಂದ ಚುಕ್ಕೆ ಥರ ಕಂಡ ದೆವ್ವಗಳು ಇಲ್ಲಿ ನಮಗಿಂತ ದೊಡ್ಡವು. ಅಲ್ಲಿಂದ ಮುಂದಿನ ದಾರಿ ಎರಡು ಗೋಡೆಗಳ ನಡುವೆ. ಈ ಗುಮ್ಮಟ ಒಂದಲ್ಲ, ಒಂದರೊಳಗೆ ಇನ್ನೊಂದು. ಮೆಟ್ಟಿಲು ಆ ಸಂದಿಯಲ್ಲೇ ಏರುತ್ತದೆ. ಮೇಲೆ ಹೋದ ಹಾಗೆ ಗೋಡೆ ಬಾಗುತ್ತದೆ, ನಾವೂ ಅದರ ಜೊತೆ ಒಂದು ಕಡೆ ವಾಲಿಕೊಂಡು ಹತ್ತಬೇಕು.

ಆ ಸಂದಿಯಲ್ಲಿ ಒಂದು ನಿಮಿಷ ನಿಂತು ಇಟ್ಟಿಗೆ ನೋಡಿ. ಅಡ್ಡ ಇಟ್ಟಿಗೆ ಸಾಲಿನ ನಡುನಡುವೆ ಒಂದೊಂದು ಇಟ್ಟಿಗೆ ಉದ್ದಕ್ಕೆ ನೆಟ್ಟಗೆ ನಿಂತಿರುತ್ತದೆ, ಅವೆಲ್ಲ ಸೇರಿ ಓರೆಯಾಗಿ ಮೇಲಕ್ಕೆ ಸುತ್ತಿಕೊಂಡು ಹೋಗುತ್ತವೆ. ಇಷ್ಟು ಅಗಲದ ಗುಮ್ಮಟಕ್ಕೆ ನೆಲದಿಂದ ಮರದ ಆಧಾರ ಕೊಟ್ಟು ಕಟ್ಟೋದು ಆಗದ ಮಾತಾಗಿತ್ತು. ಗಾರೆ ಒಣಗುವ ತನಕ ಇಟ್ಟಿಗೆ ಜಾರಬಾರದು, ಅದನ್ನು ಹಿಡಿದಿಟ್ಟದ್ದೇ ಈ ನಿಂತ ಇಟ್ಟಿಗೆಗಳು. 1420ರಲ್ಲಿ ಶುರುವಾದ ಕೆಲಸ 1436ರಲ್ಲಿ ಮುಗಿಯಿತು. ಕಟ್ಟಿಸಿದ ಬ್ರುನೆಲ್ಲೆಸ್ಕಿ ಕಲಿತಿದ್ದು ಅಕ್ಕಸಾಲಿಗನ ಕೆಲಸ ಅಂದ್ರೆ ನಂಬಬೇಕು. ನನಗಂತೂ ತುದಿಯಲ್ಲಿ ಕಂಡ ಕೆಂಪು ಹೆಂಚಿನ ಊರಿಗಿಂತ ಈ ಗೋಡೆಯೇ ಮನಸ್ಸಲ್ಲಿ ಉಳಿದಿದೆ.

ಗುಮ್ಮಟದ ಟಿಕೆಟ್ ಸಿಗಲಿಲ್ಲವೇ? ಪಕ್ಕದ ಗಂಟೆಗೋಪುರ ಹತ್ತಿ. 414 ಮೆಟ್ಟಿಲು, ಆದರೆ ಮಧ್ಯೆ ಮಧ್ಯೆ ನಿಂತು ಸುಧಾರಿಸಿಕೊಳ್ಳುವ ಅಂತಸ್ತುಗಳಿವೆ. ಅಲ್ಲಿಂದ ತೆಗೆದ ಫೋಟೋದಲ್ಲಿ ಗುಮ್ಮಟವೂ ಬರುತ್ತದೆ, ಗುಮ್ಮಟದ ಮೇಲೇ ನಿಂತವರಿಗೆ ಆ ಭಾಗ್ಯ ಇಲ್ಲ. ಚರ್ಚಿನ ಒಳಗೆ ಹೋಗೋಕೆ ದುಡ್ಡಿಲ್ಲ, ಆದರೆ ಸಾಲು ಮೈಲುದ್ದ, ಒಳಗೆ ನೋಡೋಕೆ ಅಷ್ಟೇನೂ ಇಲ್ಲ. ಭಾನುವಾರ ಪ್ರವಾಸಿಗರನ್ನು ಬಿಡುವುದೂ ಇಲ್ಲ. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಳ್ಳಿ, ಬೇಸಿಗೆಯಲ್ಲಾದರೆ ಒಂದು ದುಪಟ್ಟಾ ಬ್ಯಾಗಿನಲ್ಲಿರಲಿ. ಬ್ಯಾಪ್ಟಿಸ್ಟ್ರಿಯ ಚಾವಣಿಯ ಮೊಸಾಯಿಕ್ ಕೆಲಸ 2023ರಿಂದ ನಡೆಯುತ್ತಿದೆ, ಅಲ್ಲಿ ಅಟ್ಟಣಿಗೆ ಕಂಡರೆ ಬೇಜಾರಾಗಬೇಡಿ. ಅದರ ಚಿನ್ನದ ಬಾಗಿಲ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ, ಅದು ನಕಲು. ಗಿಬೆರ್ತಿ ಮಾಡಿದ ಅಸಲಿ ಬಾಗಿಲು ಚರ್ಚಿನ ಹಿಂದಿನ ಮ್ಯೂಸಿಯಂನಲ್ಲಿದೆ. ಪಾಸ್‌ನಲ್ಲೇ ಸೇರಿದ್ದರೂ ಅಲ್ಲಿಗೆ ಹೋಗುವವರೇ ಕಡಿಮೆ. ಮೈಕೆಲಾಂಜೆಲೊ ಮುದಿವಯಸ್ಸಿನಲ್ಲಿ ಕೆತ್ತಿದ ಪಿಯೆತಾ, ಅಂದರೆ ಏಸುವಿನ ಶವ ಹಿಡಿದುಕೊಂಡವರ ಶಿಲ್ಪವೂ ಅಲ್ಲೇ ಇದೆ. ಕೂತು ನೋಡುವಷ್ಟು ಜಾಗ ಇತ್ತು.

ಊಟದ ವಿಷಯ. ಸಸ್ಯಾಹಾರಿಗಳು ಹೆದರಬೇಡಿ, ಆದರೆ ಕೇಳಿ ತಿನ್ನಿ. ಈ ಊರಿನ ಹೆಮ್ಮೆಯ ತಿಂಡಿ ಲಾಂಪ್ರೆದೊತ್ತೋ ಅಂದರೆ ದನದ ಹೊಟ್ಟೆಯ ಭಾಗ, ಗಾಡಿ ಮುಂದೆ ಸಾಲು ನೋಡಿ ಸುಮ್ನೆ ನಿಂತುಬಿಡಬೇಡಿ. ಹಳೇ ಬ್ರೆಡ್ಡು, ಬೀನ್ಸು, ಕಪ್ಪು ಎಲೆಕೋಸು ಹಾಕಿ ಕುದಿಸುವ ರಿಬೊಲ್ಲೀತಾ, ಬ್ರೆಡ್ಡು ಟೊಮೆಟೋದ ಪಪ್ಪಾ ಅಲ್ ಪೊಮೊದೊರೊ ಎರಡೂ ಹೊಟ್ಟೆ ತುಂಬಿಸುತ್ತವೆ, ಒಳಗೆ ಮಾಂಸದ ಚೂರು ಇದೆಯಾ ಅಂತ ಮಾತ್ರ ವಿಚಾರಿಸಿ. ಕಟ್ಟುನಿಟ್ಟಾಗಿ ಪಾಲಿಸುವವರು ಗಮನಿಸಿ, ಪಾರ್ಮೆಸಾನ್ ಚೀಸ್ ಮಾಡೋಕೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ.

ಇಲ್ಲಿನ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ. ಮೊದಲ ತುತ್ತಿಗೆ ಗೆಳತಿ ಮುಖ ಹಿಂಡಿದಳು, ಆಮೇಲೆ ಬ್ಯಾಗಿನಿಂದ ಶೇಂಗಾ ಚಟ್ನಿ ಡಬ್ಬಿ ತೆಗೆದಳು. ಆ ಸಪ್ಪೆ ಬ್ರೆಡ್ಡಿನ ಮೇಲೆ ಆಲಿವ್ ಎಣ್ಣೆ ಸುರಿದು, ಮೇಲೆ ಚಟ್ನಿಪುಡಿ ಉದುರಿಸಿ ತಿಂದು ನೋಡಿ, ಆಮೇಲೆ ಮಾತಾಡೋಣ.

ಕಾಫಿಯನ್ನು ನಮ್ಮ ದರ್ಶಿನಿಯ ಹಾಗೆ ಕಟ್ಟೆ ಹತ್ತಿರ ನಿಂತೇ ಕುಡಿಯಿರಿ. ಅದೇ ಕಾಫಿ, ಅದೇ ಅಂಗಡಿ, ಕೂತರೆ ರೇಟು ಎರಡು ಮೂರು ಪಟ್ಟು ಆಗಬಹುದು, ಅದರಲ್ಲೂ ದೊಡ್ಡ ಚೌಕಗಳಲ್ಲಿ. ಹೋಟೆಲ್ ಬಿಲ್ಲಿನಲ್ಲಿ 'ಕೊಪೆರ್ತೊ' ಅಂತ ತಲೆಗೆ ಒಂದೆರಡು ಯೂರೋ ಹಾಕಿರುತ್ತಾರೆ, ಅದು ಮೋಸ ಅಲ್ಲ, ಅಲ್ಲಿನ ಪದ್ಧತಿ. ಅದರ ಮೇಲೆ ಟಿಪ್ಸ್ ಕೊಡಲೇಬೇಕು ಅಂತೇನಿಲ್ಲ. ಗೋಪುರದ ಹಾಗೆ ಪೇರಿಸಿಟ್ಟ, ಕಣ್ಣು ಕುಕ್ಕುವ ಬಣ್ಣದ ಜೆಲಾಟೋ (ಇಟಲಿಯ ಐಸ್‌ಕ್ರೀಮ್) ಕಂಡರೆ ಮುಂದಿನ ಅಂಗಡಿಗೆ ನಡೆಯಿರಿ. ಪಿಸ್ತಾ ಮಾಸಲು ಹಸಿರಿರಬೇಕು. ಇನ್ನೊಂದು ಕಿರಿಕಿರಿ, ಕೆಲವರು ಚಿತ್ರಗಳನ್ನು ನೆಲದ ಮೇಲೆ ಹರಡಿ ಕೂತಿರುತ್ತಾರೆ. ಜನಜಂಗುಳಿಯಲ್ಲಿ ಗೊತ್ತಾಗದೆ ತುಳಿದರೆ ದುಡ್ಡು ಕೊಡಿ ಅಂತ ಬೆನ್ನು ಹತ್ತುತ್ತಾರೆ. ಮೇಲೆ ನೋಡುತ್ತಾ ನಡೆಯುವ ಊರಿನಲ್ಲಿ ಕೆಳಗೂ ನೋಡಬೇಕು.

ಸಂಜೆ ಎಲ್ಲರೂ ಹೋಗುವುದು ಗುಡ್ಡದ ಮೇಲಿನ ಚೌಕ ಪಿಯಾಝಾಲೆ ಮೈಕೆಲಾಂಜೆಲೊಗೆ. ಸೂರ್ಯಾಸ್ತಕ್ಕೆ ಅಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಇನ್ನೂ ಐದು ಹತ್ತು ನಿಮಿಷ ಮೇಲೆ ಹತ್ತಿ, ಸಾನ್ ಮಿನಿಯಾತೊ ಚರ್ಚ್ ಸಿಗುತ್ತದೆ. ಸಾವಿರ ವರ್ಷ ಹಳೆಯದು. ನೋಟ ಅದೇ, ಗಲಾಟೆ ಕಡಿಮೆ. ಹೋಗುವಾಗ ಪೊಂತೆ ವೆಕ್ಕಿಯೊ ಸೇತುವೆ ದಾಟಿ ಹೋಗಬಹುದು. ಮೊದಲು ಅಲ್ಲಿ ಕಸಾಯಿ ಅಂಗಡಿಗಳಿದ್ದವಂತೆ, 1593ರಲ್ಲಿ ದೊರೆ ಅವರನ್ನು ಎಬ್ಬಿಸಿ ಚಿನ್ನದ ಅಂಗಡಿ ಹಾಕಿಸಿದ. 1944ರಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೈನ್ಯ ಊರಿನ ಉಳಿದ ಸೇತುವೆಗಳನ್ನೆಲ್ಲ ಉಡಾಯಿಸಿತು, ಇದೊಂದು ಉಳಿಯಿತು. ಅಂಗಡಿಗಳ ಬೆಲೆ ನೋಡಿ ನಾವು ನಿಲ್ಲಲಿಲ್ಲ.

ಭಾನುವಾರ ಉಫೀಝಿ ಚಿತ್ರಕಲಾ ಮ್ಯೂಸಿಯಂ. ಬಾಗಿಲು ತೆಗೆಯುವುದು ಎಂಟೂ ಕಾಲಿಗೆ, ಆ ಮೊದಲ ಸ್ಲಾಟನ್ನೇ ಆನ್‌ಲೈನ್‌ನಲ್ಲಿ ಹಿಡಿಯಿರಿ. ಸೀದಾ ಬೊಟ್ಟಿಚೆಲ್ಲಿ ಕೋಣೆಗೆ ಹೋಗಿ, 'ವೀನಸ್‌ಳ ಜನನ'ವನ್ನು ಗುಂಪುಗಳು ಬರುವ ಮೊದಲು ನೋಡಿ, ಆಮೇಲೆ ನಿಧಾನಕ್ಕೆ ಹಿಂದಿನ ಕೋಣೆಗಳಿಗೆ ಬನ್ನಿ. ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ, ಆದರೆ ಆವತ್ತು ಮುಂಗಡ ಬುಕಿಂಗ್ ಇಲ್ಲ, ಸಾಲಿನಲ್ಲೇ ಅರ್ಧ ದಿನ ಹೋಗಬಹುದು. ಎರಡೇ ದಿನ ಇರುವವರಿಗೆ ಅದು ಲಾಭ ಅಲ್ಲ. ಸೋಮವಾರ ರಜೆ. ಈ ಚಿತ್ರಗಳೆಲ್ಲ ಇನ್ನೂ ಇದೇ ಊರಿನಲ್ಲಿರುವುದಕ್ಕೆ ಒಬ್ಬ ಹೆಂಗಸು ಕಾರಣ. ಈ ಊರನ್ನು ಆಳಿದ ಮೆದಿಚಿ ಮನೆತನದ ಕೊನೆಯವಳಾದ ಆನ್ನಾ ಮರಿಯಾ ಲೂಯಿಸಾ 1737ರಲ್ಲಿ ಮನೆತನದ ಆಸ್ತಿಯೆಲ್ಲ ಮುಂದಿನ ದೊರೆಗಳಿಗೆ ಬರೆದುಕೊಟ್ಟಳು, ಆದರೆ ಒಂದು ವಸ್ತುವೂ ಫ್ಲಾರೆನ್ಸ್ ಬಿಟ್ಟು ಹೋಗಬಾರದು ಅಂತ ಷರತ್ತು ಹಾಕಿದಳು.

ಮೈಕೆಲಾಂಜೆಲೊನ ಡೇವಿಡ್ ಶಿಲ್ಪ ನೋಡಲಿಲ್ವಾ ಅಂತ ಕೇಳುತ್ತೀರಿ. ಅಸಲಿ ಇರುವುದು ಅಕಾದೆಮಿಯಾ ಮ್ಯೂಸಿಯಂನಲ್ಲಿ, ಅದಕ್ಕೆ ಬೇರೆ ಟಿಕೆಟ್, ಬೇರೆ ಸಾಲು. ನಾವು ಬಿಟ್ಟೆವು. 1873ರ ತನಕ ಅದು ನಿಂತಿದ್ದ ಪಿಯಾಝಾ ದೆಲ್ಲಾ ಸಿನ್ಯೊರಿಯಾ ಚೌಕದಲ್ಲಿ ಈಗ ಅಷ್ಟೇ ಎತ್ತರದ ನಕಲು ಇದೆ. ಶಿಲ್ಪ ಅಂದರೆ ಪ್ರಾಣ ಅನ್ನುವವರು ಉಫೀಝಿ ಬಿಟ್ಟು ಅಕಾದೆಮಿಯಾಗೆ ಹೋಗಿ, ಆದರೆ ಒಂದೇ ದಿನ ಎರಡೂ ಬೇಡ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಚಿತ್ರವೂ ಒಂದೇ ಥರ ಕಾಣೋಕೆ ಶುರುವಾಗುತ್ತದೆ.

ನಮ್ಮ ಮಧ್ಯಾಹ್ನ ಬೇರೆ ಕಡೆಗೆ ಮೀಸಲಾಗಿತ್ತು. ಗೆಳತಿ ನಿಪ್ಪಾಣಿಯವಳು, ಅವರ ಮನೆಯವರಿಗೆ ಬಟ್ಟೆ ಬರೆಗೂ ಕೊಲ್ಲಾಪುರ, ದೇವರಿಗೂ ಕೊಲ್ಲಾಪುರ. "ಇಲ್ಲೀತನಕ ಬಂದು ಮಹಾರಾಜರನ್ನ ನೋಡದ ಹೋದ್ರ ನಮ್ಮಪ್ಪ ಬೈತಾನ ನೋಡು" ಅಂತ ಮೊದಲೇ ಹೇಳಿದ್ದಳು. ಕೊಲ್ಲಾಪುರದ ರಾಜಾರಾಮ ಮಹಾರಾಜರು ಇಂಗ್ಲೆಂಡ್ ನೋಡಿಕೊಂಡು ವಾಪಸ್ ಬರುವಾಗ 1870ರ ನವೆಂಬರ್ 30ರಂದು ಇದೇ ಊರಿನಲ್ಲಿ ತೀರಿಕೊಂಡರು. ವಯಸ್ಸು ಇಪ್ಪತ್ತರ ಆಸುಪಾಸು. ಆಗ ಇಟಲಿಗೆ ಫ್ಲಾರೆನ್ಸೇ ರಾಜಧಾನಿ. ಹೆಣ ಸುಡುವುದು ಅಲ್ಲಿ ಯಾರೂ ಕಂಡಿದ್ದಲ್ಲ, ವಿಶೇಷ ಅನುಮತಿ ಪಡೆದು ಆರ್ನೋ ಮತ್ತು ಮುನ್ಯೋನೆ ನದಿಗಳ ಸಂಗಮದಲ್ಲಿ ಚಿತೆ ಮಾಡಿದರು. ಆ ಜಾಗದಲ್ಲಿ 1874ರಲ್ಲಿ ಛತ್ರಿ, ಅಂದರೆ ಸ್ಮಾರಕ ಮಂಟಪ ಕಟ್ಟಿಸಿದ್ದಾರೆ, ಒಳಗೆ ಬಣ್ಣ ಹಚ್ಚಿದ ಅಮೃತಶಿಲೆಯ ಅರ್ಧ ಪ್ರತಿಮೆ, ತಲೆಗೆ ಪಗಡಿ. ಛತ್ರಿಯ ವಿನ್ಯಾಸ ಚಾರ್ಲ್ಸ್ ಮ್ಯಾಂಟ್‌ದು, ಕೊಲ್ಲಾಪುರದ ನ್ಯೂ ಪ್ಯಾಲೇಸ್ ನಕ್ಷೆ ಮಾಡಿದವನೂ ಅವನೇ. ಪಕ್ಕದ ದೊಡ್ಡ ಸೇತುವೆಗೂ 'ಇಂಡಿಯಾನೊ' ಅಂತಲೇ ಹೆಸರು. ಗೆಳತಿ ಚಪ್ಪಲಿ ಬಿಟ್ಟು ಕೈ ಮುಗಿದು, ಆಮೇಲೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದಳು. ಅವರು ಮೊದಲು ಕೇಳಿದ್ದು, ಪಗಡಿಗೆ ಯಾವ ಬಣ್ಣ ಹಚ್ಚಿದ್ದಾರೆ, ಹತ್ತಿರ ಹಿಡಿ.

ಹೋಗುವವರಿಗೆ: ಇದು ಕಾಶಿನೆ ಪಾರ್ಕಿನ ಪಶ್ಚಿಮದ ಕಟ್ಟಕಡೆಯ ತುದಿ. ಪಾರ್ಕ್ ಮೂರು ಕಿಲೋಮೀಟರಿಗಿಂತ ಉದ್ದ ಇದೆ. ಟಿ1 ಟ್ರಾಮ್‌ನಲ್ಲಿ ಕಾಶಿನೆ ಸ್ಟಾಪಿನಲ್ಲಿ ಇಳಿದು ನದಿ ದಂಡೆಯಲ್ಲೇ ನಡೆಯಬೇಕು, ಬಾಡಿಗೆ ಸೈಕಲ್ ಸಿಕ್ಕರೆ ಇನ್ನೂ ಒಳ್ಳೆಯದು. ನೀರು, ತಿಂಡಿ ಜೊತೆಗಿರಲಿ. ಕತ್ತಲಾಗುವ ಮೊದಲು ವಾಪಸ್ ಬನ್ನಿ, ಆ ತುದಿಯಲ್ಲಿ ಜನಸಂಚಾರ ಕಡಿಮೆ.

ವಾಪಸ್ ರೈಲಿನ ಬಗ್ಗೆ ಎರಡು ಮಾತು. ಭಾನುವಾರ ಸಂಜೆಯ ರೈಲುಗಳು ತುಂಬಿರುತ್ತವೆ, ಕೊನೆ ಗಳಿಗೆಯಲ್ಲಿ ಟಿಕೆಟ್ ದುಬಾರಿ, ಹೋಗುವ ಟಿಕೆಟ್ ಜೊತೆಗೇ ಮಾಡಿಸಿ. ಟಿಕೆಟ್ಟಿನಲ್ಲಿ ಸ್ಟೇಷನ್ ಹೆಸರು ಓದಿಕೊಳ್ಳಿ, ಕೆಲವು ರೈಲುಗಳು ಸಾಂತಾ ಮರಿಯಾ ನೊವೆಲ್ಲಾಗೆ ಬರದೆ ಕಾಂಪೊ ದಿ ಮಾರ್ತೆ ಅಥವಾ ರಿಫ್ರೆದಿಯಲ್ಲಿ ನಿಲ್ಲುತ್ತವೆ, ಎರಡೂ ನಡೆದು ಹೋಗುವಷ್ಟು ಹತ್ತಿರ ಇಲ್ಲ. ಬ್ಯಾಗನ್ನು ಹೋಟೆಲಿನಲ್ಲೇ ಬಿಟ್ಟು ಸಂಜೆ ತಗೊಳ್ಳಬಹುದಾ ಅಂತ ಬುಕ್ ಮಾಡುವಾಗಲೇ ಕೇಳಿ. ಹೋಟೆಲಿನವರು ತಲೆಗೆ, ರಾತ್ರಿಗೆ ಇಷ್ಟು ಅಂತ ಊರಿನ ಟ್ಯಾಕ್ಸ್ ಬೇರೆ ಕೇಳುತ್ತಾರೆ, ಅದು ಎಷ್ಟೋ ಸಲ ಬುಕಿಂಗ್ ಬೆಲೆಯಲ್ಲಿ ಸೇರಿರುವುದಿಲ್ಲ.