ಜ್ವರ ಬಂದಾಗ ಹೋಳಿಗಿ ತಿನಬಾರ್ದವಾ

"ಜ್ವರ ಬಂದಾಗ ಹೋಳಿಗಿ ತಿನಬಾರ್ದವಾ, ಪಚನ ಆಗೂದಿಲ್ಲ."

ಗುರುವಾರ ಮುಂಜಾನೆ ಅಂಗಡಿ ಹೊರಗ ಚಪ್ಪಲ್ ಬಿಟ್ಟು ಒಳಗ ಕಾಲಿಡೂದ್ರಾಗ ಸಾವ್ಕಾರ್ರು ಹೇಳಿದ್ದು ಇದೊಂದ ಮಾತು. ಬೈಲಿಲ್ಲ, ಕಣ್ಣ ಕೆಂಪ ಮಾಡ್ಲಿಲ್ಲ, ಗಲ್ಲಾದ ಹಿಂದಿನ ದೇವ್ರ ಫೋಟೋಕ್ಕ ಊದಿನಕಡ್ಡಿ ಬೆಳಗ್ತಿದ್ರು, ಬೆಳಗ್ತನ ಅಂದ್ರು, ನನ್ನ ಕಡೆ ತಿರುಗಿ ಸೈತ ನೋಡ್ಲಿಲ್ಲ. ಬೈದಿದ್ರ ಒಂದ ತಾಸಿನ್ಯಾಗ ಮರ್ತ ಬಿಡ್ತಿದ್ದೆ.

ಆಗಿದ್ದಿಷ್ಟ. ಬುಧವಾರ ಗದಗ ಬಾಜೂಕಿನ ಬೆಟಗೇರ್ಯಾಗ ನಮ್ಮ ಚಿಗವ್ವನ ಮಗಳ ಕುಬಸ, ಅಂದ್ರ ಸೀಮಂತ, ಇತ್ತು. ಖರೇ ಹೇಳಿ ರಜಾ ಕೇಳ್ಬಹುದಿತ್ತು, ಆದ್ರ ಹ್ವಾದ ವರ್ಷ ಇಂಥಾದ್ದಕ್ಕ ಕೇಳಿದಾಗ "ಸ್ವಂತ ತಂಗೀದೇನು?" ಅಂದಿದ್ರು, ಚಿಗವ್ವನ ಮಗಳು ಸ್ವಂತಲ್ಲಾ ಅಂದ್ರ ಮತ್ತ್ಯಾರು ಸ್ವಂತ ಅಂತ ನಾ ಆವಾಗ ಕೇಳಬೇಕಿತ್ತು, ಕೇಳಲಿಲ್ಲ. ಹಿಂಗಾಗಿ ಮುಂಜಾನೆ ಆರಕ್ಕ "ಸರ್ ಭಾಳ ಜ್ವರ" ಅಂತ ಮೆಸೇಜ್ ಒಗದು ಹುಬ್ಬಳ್ಳಿಯಿಂದ ಗದಗ ಬಸ್ ಹತ್ತಿದೆ.

ಕುಬಸಕ್ಕ ಉಡ್ಸಿದ ಹಸರ ಇಳಕಲ್ ಸೀರಿ ನಮ್ಮ ಅಂಗಡೀದ, ಡಿಸ್ಕೌಂಟ್ ಹಾಕ್ಸಿ ಕೊಡ್ಸಿದಾಕಿ ನಾನ. ಬೆಟಗೇರಿ ಅಂದ್ರ ನೇಕಾರರ ಊರು, ಚಿಗವ್ವನ ಓಣ್ಯಾಗ ಇವತ್ತಿಗೂ ಮಗ್ಗದ ಸಪ್ಪಳ ಕೇಳ್ತೈತಿ, ಅಂಥಾ ಊರಿಗೆ ಹುಬ್ಬಳ್ಳಿಯಿಂದ ಸೀರಿ ಹೊತ್ಕೊಂಡ ಹೋದ ಶಾಣ್ಯಾಕಿ ನಾನು.

ಎರಡನೇ ಹೋಳಿಗಿ ಮ್ಯಾಲ ತುಪ್ಪ ಬಿದ್ದಿತ್ತು ಅಷ್ಟ, ಚಿಗವ್ವ ಫೋನ್ ಹಿಡ್ಕೊಂಡ ಪಂಕ್ತಿ ನಡುವನ ಓಡಿ ಬಂದ್ಲು, ಮಾರಿ ತುಂಬ ನಗಿ. "ನಿಮ್ಮ ಸಾವ್ಕಾರ್ರೂ ನೋಡ್ಯಾರ ನೋಡವಾ!"

ಚಿಗವ್ವ ಹಾಕಿದ ವಾಟ್ಸ್ಯಾಪ್ ಸ್ಟೇಟಸ್. ಮಗಳು ನಡುವ ಕುಂತಾಳ, ಬಾಜೂಕ ನಾ, ಬಾಯಿ ತುಂಬ ಹೋಳಿಗಿ. ಕೆಳಗ ನೋಡಿದವರ ಹೆಸರಿನ್ಯಾಗ ನಮ್ಮ ಅಂಗಡಿ ಹೆಸರು.

ಇದ್ರಾಗ ಯಾರ್ದೂ ತಪ್ಪಿಲ್ಲ, ಎಲ್ಲಾ ನನ್ನ ಕೆಲಸನ. ಅಂಗಡಿ ವಾಟ್ಸ್ಯಾಪ್ ನೋಡ್ಕೊಳ್ಳೂದು ನಾನ. ಒಂದ ಮೆಸೇಜ್ ಒಮ್ಮೆಲೆ ಭಾಳ ಮಂದಿಗೆ ಕಳಸೂ ಬ್ರಾಡ್‌ಕಾಸ್ಟ್ ಲಿಸ್ಟಿಗೆ 256 ಮಂದೀನ ಹಾಕಾಕ ಬರ್ತೈತಿ, ಅದೂ ಅವ್ರು ನಮ್ಮ ನಂಬರ್ ಸೇವ್ ಮಾಡ್ಕೊಂಡಿದ್ರಷ್ಟ ಹೋಗಿ ಮುಟ್ಟತೈತಿ, ಅದಕ್ಕ ಕಂಡ ಕಂಡ ಬೀಗರಿಗೆಲ್ಲಾ "ನಮ್ಮ ಅಂಗಡಿ ನಂಬರ್ ಸೇವ್ ಮಾಡ್ಕೊರಿ" ಅಂತ ಬೆನ್ನ ಹತ್ತಿದ್ದೆ. ಚಿಗವ್ವನ ಫೋನಿನ್ಯಾಗಂತೂ ನಾನ ಕುಂತು ಸೇವ್ ಮಾಡಿಕೊಟ್ಟೀನಿ, ಅಂಗಡಿ ಫೋನಿನ್ಯಾಗ ಆಕೀ ನಂಬರೂ ನಾನ ಹಾಕಿದ್ದು. ಎರಡೂ ಕಡೆ ನಂಬರ್ ಇದ್ರ ತಾನ ಸ್ಟೇಟಸ್ ಕಾಣೂದು! ನೀಲಿ ಟಿಕ್ ಬಂದ್ ಇಟ್ಟಿದ್ರ ಸಾವ್ಕಾರ್ರು ನೋಡಿದ್ದು ಚಿಗವ್ವಗ ಗೊತ್ತಾಗ್ತಿದ್ದಿಲ್ಲ, ಆದ್ರ ಅವ್ರು ಬಂದ್ ಮಾಡಂಗಿಲ್ಲ, ಮಾಡಿದ್ರ ತಮ್ಮ ಸೀರಿ ಸ್ಟೇಟಸ್ ಯಾರ್ ನೋಡಿದ್ರು ಅನ್ನೂದು ಕಾಣೂದಿಲ್ಲಲ್ಲ. ರಾತ್ರಿ ಶಟರ್ ಎಳಿಯೂ ಮುಂಚೆ ದಿನಾ ಎಣಸ್ತಾರ, ಯಾರ್ ನೋಡಿ ಸುಮ್ನಾದ್ರು, ಯಾರ್ ನೋಡಿ ರೇಟ್ ಕೇಳಿದ್ರು ಅಂತ. ಗಿರಾಕೀನ ಹಂಗ ಹಿಡೀತಾರ, ಅದನ್ನ ಒಪ್ಪಬೇಕು. ಮನಶಾ ಕೆಟ್ಟಾಂವ ಅಲ್ಲ, ರಜಾ ಅಂದ್ರಷ್ಟ ಹೊಟ್ಟಿ ಸಂಕಟ.

ಚಿಗವ್ವಗ ಬೈಬೇಕಂದೆ, ಬಾಯಿ ಬರಲಿಲ್ಲ. ನನ್ನ ಮಗಳ ಕುಬಸ ಹುಬ್ಬಳ್ಳಿ ಸಾವ್ಕಾರ ನೋಡ್ದ ಅನ್ನೂದ ಆಕಿಗೆ ದೊಡ್ಡ ಸಂಭ್ರಮ. ಹೊಲದ ಹಿಸ್ಸೆ ಸಲುವಾಗಿ ನಾಕ ವರ್ಷದಿಂದ ಮಾತ ಬಿಟ್ಟ ಕಾಕಾನೂ ನೋಡಿದ್ದ, ಎಲ್ಲಾರಿಕಿಂತ ಮೊದ್ಲ. ಈ ಮನಿ ಹೊಸ್ತಿಲಾ ತುಳ್ಯಂಗಿಲ್ಲ ಅಂದಾಂವ ಆಕಿ ಹಾಕಿದ್ದೊಂದೂ ಬಿಡೂದಿಲ್ಲಂತ, ಚಿಗವ್ವನೂ ಅದನ್ನ ಕಾಯ್ತಾಳ, ಹೆಸರ ಬಂತಂದ್ರ "ನೋಡ್ದ" ಅಂತ ಸಣ್ಣಗ ಅಂದು ಫೋನ್ ಸೆರಗಿನ್ಯಾಗ ಮುಚ್ಕೋತಾಳ. ಒಂದ ಫೋನ್ ಹಚ್ಚಬೇ ಅಂದ್ರ ಇಬ್ಬರೂ ಹಚ್ಚಂಗಿಲ್ಲ. ಹಿಂಗರ ಒಬ್ಬರಿಗೊಬ್ಬರು ಇದ್ದಾರ ಅನ್ನೂದ ಗೊತ್ತಾಗ್ತೈತಿ, ಅಷ್ಟ ಸಾಕೇನೋ ಅವ್ರಿಗೆ. ನನಗಂತೂ ನೋಡಾಕ ತ್ರಾಸ ಆತು.

ಬಸ್ಸಿನ್ಯಾಗ ವಾಪಸ್ ಬರೂವಾಗ ಸಾವ್ಕಾರ್ರನ್ನ ನನ್ನ ಸ್ಟೇಟಸ್‌ನಿಂದ ಹೈಡ್ ಮಾಡಾಕ ಹೋದೆ, ಆ ಲಿಸ್ಟಿನ್ಯಾಗ ಮೊದ್ಲಿಂದನ ಹನ್ನೊಂದು ಮಂದಿ ಇದ್ರು. ಅದ್ರಾಗ ನಮ್ಮಪ್ಪನೂ ಇದ್ದ, ಯಾವಾಗ ಯಾಕ ಹಾಕಿದ್ದೆ ಅನ್ನೂದ ನೆನಪಿಲ್ಲ.

ಒಂದ ದಿನದ ಪಗಾರ ಕಟ್ ಆತು, ಆಗ್ಲಿ. ಆದ್ರ ಮಧ್ಯಾಹ್ನ ಊಟಾ ಆದಮ್ಯಾಲ ಕರದು ಅಂತಾರ, "ಆ ಹಸರ ಇಳಕಲ್ ಭಾಳ ಚಂದ ಕಂಡೇತಿ. ಚಿಗವ್ವನ ಕಡಿಂದ ಫೋಟೋ ತರ್ಸು, ನಮ್ಮ ಸ್ಟೇಟಸಿಗೆ ಹಾಕೂಣು."

ತರ್ಸಿದೆ. ನನ್ನ ಕ್ರಾಪ್ ಮಾಡಿದೆ. ಎಷ್ಟ ಕ್ರಾಪ್ ಮಾಡಿದ್ರೂ ಸೀರಿ ಸೆರಗು ಪೂರ್ತಿ ಬರಬೇಕಂದ್ರ ಮೂಲ್ಯಾಗ ನನ್ನ ಕೈ ಉಳೀತೈತಿ, ಕೈಯಾಗ ಅರ್ಧಾ ಹೋಳಿಗಿ. ಹಂಗ ಹಾಕೀನಿ. ಸಂಜಿ ಒಳಗ ನಾಕ ಮಂದಿ ರೇಟ್ ಕೇಳಿದ್ರು.